ಕಿಟಕಿ ಬ್ಯಾಚು

ಕಂಪ್ಯೂಟರ್ ನಮ್ಮ ಶಾಲೆಗೆ ಬಂದದ್ದು ನನ್ನವ್ವನ ತಲೆಯ ಮೇಲೆ.

ಎರಡು ಸಾವಿರದ ಐದನೇ ಇಸವಿಯ ಜುಲೈ. ನಾನು ಏಳನೇ ಕ್ಲಾಸಿನಲ್ಲಿದ್ದೆ. ಊರಿನ ಹೆಸರು ಬರೆಯುವುದಿಲ್ಲ. ಜವನಗೊಂಡನಹಳ್ಳಿ ದಾಟಿ ಒಳಕ್ಕೆ ಹೋದರೆ ಸಿಗುತ್ತದೆ, ಅಷ್ಟು ಸಾಕು. ಅವ್ವ ಈಗಲೂ ಅಲ್ಲೇ ಇದ್ದಾಳೆ. ಈಗಲೂ ಊರ ಗೌಡರ ಹೊಲಗಳಿಗೇ ಕಳೆ ತೆಗೆಯಲು ಹೋಗುತ್ತಾಳೆ.

ಹಿರಿಯೂರಿನಿಂದ ಪೆಟ್ಟಿಗೆ ತುಂಬಿಕೊಂಡು ಬಂದ ಟೆಂಪೋ ಹಳ್ಳದ ಮರಳಿನಲ್ಲಿ ಹೂತುಕೊಂಡಿತು. ಡ್ರೈವರ್ ಇನ್ನು ಮುಂದೆ ಬರುವುದಿಲ್ಲ ಎಂದು ಬೀಡಿ ಹಚ್ಚಿಕೊಂಡು ಕುಳಿತ. ಹೆಡ್ ಮೇಷ್ಟ್ರು ನಮ್ಮ ಮಾದಿಗರ ಕೇರಿಗೆ ಹೇಳಿ ಕಳಿಸಿದರು. ಭಾರ ಹೊರುವ ಕೆಲಸ ಬಂದಾಗ ಊರಿಗೆ ಮೊದಲು ನೆನಪಾಗುವುದು ನಾವೇ. ಎಂಟು ಜನ ಹೆಂಗಸರು ಸಿಂಬೆ ಹಿಡಿದುಕೊಂಡು ಹೋದರು. ನನ್ನವ್ವ ಬರಗೇರಮ್ಮನ ಪಾಲಿಗೆ ಬಂದದ್ದು ಮಾನಿಟರಿನ ಪೆಟ್ಟಿಗೆ. ಆಗಿನ ಮಾನಿಟರ್ ಎಂದರೆ ಬೆನ್ನು ಉಬ್ಬಿದ ಹಳೆಯ ಟಿವಿಯ ಹಾಗೆ. ಇಬ್ಬರು ಎತ್ತಿ ಕೊಡಬೇಕು. ಅದನ್ನು ಹೊತ್ತು ಅವಳು ಹಳ್ಳ ದಾಟಿ, ದಿಬ್ಬ ಹತ್ತಿ, ಮುಕ್ಕಾಲು ಮೈಲಿ ನಡೆದಳು. ಬರಿಗಾಲು. ಕತ್ತಿನ ನರ ಎದ್ದು ನಿಂತಿತ್ತು. ನಾನು ಪಕ್ಕದಲ್ಲಿ ಓಡುತ್ತಿದ್ದೆ.

"ಬೀಳಿಸಬ್ಯಾಡ ಕಣವ್ವ," ಎಂದೆ.

"ಸುಮ್ನೆ ಬಾ. ನೀವೇ ಅಲ್ವಾ ಇದ್ರಾಗೆ ಓದೋರು," ಎಂದಳು. ಅದಕ್ಕೇ ಯಾರೂ ಕೂಲಿಯ ಮಾತೆತ್ತಲಿಲ್ಲ. ಮಕ್ಕಳ ಓದಿನ ಸಾಮಾನು ಎಂದು ಹೊತ್ತರು.

ಶಾಲೆಯ ಜಗಲಿಯಲ್ಲಿ ತಿಪ್ಪೇರುದ್ರಪ್ಪ ನಿಂತಿದ್ದ. ಊರಿನ ದೊಡ್ಡ ಗೌಡ, ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ. "ಅಲ್ಲೇ ಇಳಿಸ್ರಿ, ಒಳಗೆ ಬರಬ್ಯಾಡ್ರಿ," ಎಂದ. ಹೆಂಗಸರು ಇಳಿಸಿ ಹಿಂದೆ ಸರಿದರು. ಅವನು ಚೊಂಬಿನಲ್ಲಿದ್ದ ಅರಿಶಿನದ ನೀರನ್ನು ಮಾವಿನೆಲೆಯಿಂದ ಪೆಟ್ಟಿಗೆಗಳ ಮೇಲೆ ಚಿಮುಕಿಸಿದ. ಆಮೇಲೆ ಊರ ಹುಡುಗರು ಅವನ್ನು ಒಳಗೆ ಒಯ್ದರು. ಅವ್ವ ಕತ್ತು ಉಜ್ಜಿಕೊಳ್ಳುತ್ತ ಬೇವಿನ ಮರದ ಕೆಳಗೆ ಕುಳಿತಳು. ಅವಳ ಮುಖದಲ್ಲಿ ಏನೂ ಇರಲಿಲ್ಲ. 

ಉದ್ಘಾಟನೆಯ ದಿನ ಹೆಡ್ ಮೇಷ್ಟ್ರು ಮೈಕಿನಲ್ಲಿ ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ. "ನಮ್ಮ ಶಾಲೆಯಲ್ಲಿ ನಲವತ್ಮೂರು ಪರಿಶಿಷ್ಟ ಮಕ್ಕಳಿದ್ದಾರೆ. ಅರ್ಜಿಯಲ್ಲಿ ಅದನ್ನು ಬರೆದದ್ದಕ್ಕೇ ಸರ್ಕಾರ ನಮಗೆ ಮೊದಲು ಕೊಟ್ಟಿದೆ." ಎಲ್ಲರೂ ಚಪ್ಪಾಳೆ ಹೊಡೆದರು. ಆ ನಲವತ್ಮೂರು ಜನ ನಾವು, ಅಂಗಳದ ಕೊನೆಯಲ್ಲಿ ಬಿಸಿಲಿಗೆ ಕುಳಿತು ಚಪ್ಪಾಳೆ ಹೊಡೆದೆವು. ನಮ್ಮ ತಲೆ ಎಣಿಸಿ ತಂದದ್ದು, ನಮ್ಮ ತಲೆಯ ಮೇಲೆ ಬಂದದ್ದು. ಹಾಗಾದರೆ ಅದು ನಮ್ಮದು ಎಂದು ನಾನು ದಡ್ಡಿಯ ಹಾಗೆ ನಂಬಿದ್ದೆ.

ನಾಲ್ಕು ಕಂಪ್ಯೂಟರ್. ಹಳೆಯ ಸ್ಟಾಕ್ ರೂಮಿಗೆ ಸುಣ್ಣ ಹೊಡೆದು ಅಲ್ಲಿ ಜೋಡಿಸಿದರು. ಗೋಡೆಗೆ ಸರಸ್ವತಿಯ ಪಟ. ಹೊಸಿಲಿಗೆ ಅರಿಶಿನ ಕುಂಕುಮ. ಚಪ್ಪಲಿ ಹೊರಗೆ. ದಿನಾ ಊದುಬತ್ತಿ. ಹತ್ತು ದಿನದ ತರಬೇತಿ ಪಡೆದು ಬಂದ ಮಾರುತೇಶ್ ಮೇಷ್ಟ್ರು ಕಂಪ್ಯೂಟರಿನ ಉಸ್ತುವಾರಿ. ಮೊದಲ ದಿನವೇ ಅಧ್ಯಕ್ಷ ಅವರಿಗೆ ಹೇಳಿದ, "ಮೇಷ್ಟ್ರೇ, ಇದು ಈಗ ದೇವರ ಕ್ವಾಣೆ ಇದ್ದಂಗೆ. ಯಾರ್ನ ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸ್ರಿ." ದೇವಸ್ಥಾನದಲ್ಲಿ ನಮ್ಮನ್ನು ಎಲ್ಲಿ ನಿಲ್ಲಿಸುತ್ತಾರೆ ಎಂದು ಮೇಷ್ಟ್ರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವರೂ ಈ ಸೀಮೆಯವರೇ, ಹಿರೇಗುಂಟನೂರಿನವರು.

ಒಂದು ಕಂಪ್ಯೂಟರಿಗೆ ಮೂರು ಮಕ್ಕಳು. ಒಬ್ಬರು ಮೌಸು ಹಿಡಿಯುವುದು, ಇಬ್ಬರು ನೋಡುವುದು. ಹೀಗೆ ಹನ್ನೆರಡು ಜನರ ಬ್ಯಾಚು. ಎ ಬ್ಯಾಚು, ಬಿ ಬ್ಯಾಚು, ಸಿ ಬ್ಯಾಚು. ನಮ್ಮದಕ್ಕೆ ಅಕ್ಷರ ಇಡಲಿಲ್ಲ. ನಾವು ಹೊರಗೆ ಜಗಲಿಯಲ್ಲಿ ನಿಂತು ಕಿಟಕಿಯ ಸರಳು ಹಿಡಿದುಕೊಂಡು ನೋಡಬೇಕು. ಸಣ್ಣವರಿಗೆ ಎಟುಕುತ್ತಿರಲಿಲ್ಲ. ಇಟ್ಟಿಗೆ ಜೋಡಿಸಿಕೊಂಡು ಅದರ ಮೇಲೆ ಹತ್ತುತ್ತಿದ್ದರು. ಮಕ್ಕಳೇ ನಮ್ಮನ್ನು ಕಿಟಕಿ ಬ್ಯಾಚು ಎಂದು ಕರೆದರು. ಆಮೇಲೆ ಮೇಷ್ಟ್ರ ಬಾಯಿಗೂ ಅದೇ ಬಂತು.

ಯಾವ ದಿನ ಯಾವ ಮಗು ಯಾವ ಪಾಠ ಕಲಿಯಿತು ಎಂದು ಬರೆಯಲು ಒಂದು ರಿಜಿಸ್ಟರ್ ಇತ್ತು. ಚಿತ್ರದುರ್ಗದಿಂದ ಸಾಹೇಬರು ಬಂದರೆ ಅದನ್ನು ತೋರಿಸಬೇಕು. ಅದರಲ್ಲಿ ಮಾತ್ರ ನಮ್ಮ ನಲವತ್ಮೂರು ಹೆಸರೂ ತಪ್ಪದೆ ಇರುತ್ತಿತ್ತು. ಮೇಷ್ಟ್ರು ಅದನ್ನು ಜಗಲಿಗೆ ತಂದು, "ಸೈನ್ ಮಾಡ್ರಿ," ಎನ್ನುತ್ತಿದ್ದರು. ನಾವು ಸಾಲಾಗಿ ನಿಂತು ಮಾಡುತ್ತಿದ್ದೆವು. ನನ್ನ ಸಹಿ ಆ ಕೋಣೆಯೊಳಗೆ ಹೋಗಿ ಕುಳಿತುಕೊಳ್ಳುತ್ತಿತ್ತು. ನಾನು ಹೊರಗೇ ಇರುತ್ತಿದ್ದೆ.

ಆದರೂ ಹೇಳುತ್ತೇನೆ, ಆ ಪಾಠಗಳು ಚೆನ್ನಾಗಿದ್ದವು. ಅದೇ ಹೆಚ್ಚು ನೋವು. ಕೆಟ್ಟದಾಗಿದ್ದರೆ ಕಿಟಕಿ ಬಿಟ್ಟು ಆಡಲು ಹೋಗುತ್ತಿದ್ದೆವು. ಭಿನ್ನರಾಶಿ ಎಂದರೆ ನನಗೆ ಎರಡು ವರ್ಷದಿಂದ ಬೋರ್ಡಿನ ಮೇಲಿನ ಒಂದು ಗೆರೆ, ಮೇಲೊಂದು ಅಂಕಿ, ಕೆಳಗೊಂದು ಅಂಕಿ. ಯಾಕೆ, ಏನು, ಯಾರೂ ಹೇಳಿರಲಿಲ್ಲ. ಒಂದು ಮಂಗಳವಾರ ಸಿ.ಡಿ. ಹಾಕಿದರು. ಪರದೆಯ ಮೇಲೆ ಒಂದು ಕಲ್ಲಂಗಡಿ ಹಣ್ಣು ಬಂತು. ಚಾಕು ಬಂದು ಅದನ್ನು ನಾಲ್ಕು ಹೋಳು ಮಾಡಿತು. ಒಂದು ಹೋಳು ಪಕ್ಕಕ್ಕೆ ಸರಿಯಿತು. "ಈಗ ಎಷ್ಟು ಉಳಿಯಿತು?" ಎಂದು ಒಂದು ಹೆಣ್ಣು ದನಿ ಕೇಳಿತು. ಓರೆಯಲ್ಲಿ ಕಾಣುತ್ತಿದ್ದ ಆ ಹೋಳುಗಳನ್ನು ನೋಡುತ್ತ ನನಗೆ ಒಮ್ಮೆಲೇ ಅರ್ಥವಾಯಿತು. ಮೂರು ಮೇಲೆ, ನಾಲ್ಕು ಕೆಳಗೆ. ಮುಕ್ಕಾಲು. ಎರಡು ವರ್ಷದ ಕಗ್ಗಂಟು ಅರ್ಧ ನಿಮಿಷದಲ್ಲಿ ಬಿಚ್ಚಿಕೊಂಡಿತು. ಕುಣಿಯಬೇಕು ಅನ್ನಿಸಿತು.

ಕಿಟಕಿಯ ಹತ್ತಿರದ ಕಂಪ್ಯೂಟರಿನಲ್ಲಿ ಮೌಸು ಹಿಡಿದಿದ್ದವಳು ಮೇಘಶ್ರೀ, ಅಧ್ಯಕ್ಷನ ತಮ್ಮನ ಮಗಳು. ಕೆಟ್ಟವಳಲ್ಲ. ಉತ್ತರ ತಿಳಿಯದೆ ಬಾಣದ ಗುರುತನ್ನು ಅತ್ತಿತ್ತ ಆಡಿಸುತ್ತಿದ್ದಳು. ನಾನು ಸರಳಿಗೆ ಬಾಯಿಟ್ಟು, "ಮೂರನೇದು ಒತ್ತೇ," ಎಂದು ಪಿಸುಗುಟ್ಟಿದೆ. ಒತ್ತಿದಳು. ಕಂಪ್ಯೂಟರ್ "ಶಭಾಷ್" ಎಂದು ಚಪ್ಪಾಳೆ ತಟ್ಟಿತು. ಅಂದಿನಿಂದ ಅದೇ ಅಭ್ಯಾಸವಾಯಿತು. ನಾನು ಹೊರಗಿನಿಂದ ಹೇಳುವುದು, ಅವಳು ಒಳಗೆ ಒತ್ತುವುದು. ಶಭಾಷ್ ಅವಳಿಗೆ. ದಸರಾ ಪರೀಕ್ಷೆಯಲ್ಲಿ ಗಣಿತದಲ್ಲಿ ನನಗೆ ತೊಂಬತ್ತೊಂದು ಬಂತು. ಮಾರುತೇಶ್ ಮೇಷ್ಟ್ರು ಉತ್ತರ ಪತ್ರಿಕೆ ಕೊಡುವಾಗ ನನ್ನ ಮುಖ ನೋಡಲಿಲ್ಲ.

ಆ ಕೋಣೆಯೊಳಗೆ ನಮಗೆ ಹೋಗಲೇಬಾರದು ಎಂದಿರಲಿಲ್ಲ. ತೊಳೆಯಲು ಹೋಗಬಹುದು, ಕಲಿಯಲು ಹೋಗಬಾರದು. ಆಯುಧಪೂಜೆಯ ಹಿಂದಿನ ದಿನ, ರಜೆಯಿದ್ದರೂ ಹೇಳಿ ಕಳಿಸಿದ್ದರಿಂದ, ನಾನೂ ಇನ್ನಿಬ್ಬರು ಹುಡುಗಿಯರೂ ಹೋದೆವು. ಕಂಪ್ಯೂಟರುಗಳಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದರು. ಮಾರುತೇಶ್ ಮೇಷ್ಟ್ರು ಬಾಗಿಲಲ್ಲಿ ನಿಂತು ಕಾಯುತ್ತಿದ್ದರು. ಮಂಡಿಯೂರಿ, ತೆಂಗಿನ ನಾರು ಹಾಕಿ, ನೆಲದ ಸುಣ್ಣದ ಕಲೆ ಉಜ್ಜಿದೆವು. ಬೆರಳ ಸಂದು ಬಿರಿಯಿತು. ಒಣಬಟ್ಟೆಯಿಂದ ಒರೆಸಿ ಹೊರಗೆ ಬಂದೆವು. ಒಂದು ಹನಿ ನೀರೂ ಮೇಜಿನ ಮೇಲೆ ಬಿದ್ದಿರಲಿಲ್ಲ. ಬಿದ್ದಿದ್ದರೆ ಅಲ್ಲೇ ಒದೆ ಬೀಳುತ್ತಿತ್ತು.

ಮಾರನೆಯ ದಿನ ಪೂಜೆ. ನಮ್ಮದು ಮಾಮೂಲಿ ಜಾಗ, ಕಿಟಕಿ. ತಿಪ್ಪೇರುದ್ರಪ್ಪ ಮೊದಲು ತನ್ನ ಟ್ರ್ಯಾಕ್ಟರಿನ ಪೂಜೆ ಮುಗಿಸಿ ಅದೇ ಕೈಯಲ್ಲಿ ಇಲ್ಲಿಗೆ ಬಂದ. ನಾಲ್ಕು ಮಾನಿಟರಿಗೂ ವಿಭೂತಿ, ಕುಂಕುಮ. ಕೀಬೋರ್ಡಿನ ಮೇಲೆ ಚೆಂಡು ಹೂವು. ಟ್ರ್ಯಾಕ್ಟರಿನ ಚಕ್ರಕ್ಕೆ ಇಟ್ಟ ಹಾಗೆ ಮೇಜಿನ ಕಾಲುಗಳಿಗೆ ನಿಂಬೆಹಣ್ಣು. ಮಂಗಳಾರತಿ ಆಯಿತು. ಅಕ್ಷತೆ ಎರಚಿದರು. ಆಮೇಲೆ ಕಾಯಿ ಒಡೆಯಬೇಕು. ಟ್ರ್ಯಾಕ್ಟರಿಗೆ ಬಂಪರಿನ ಕಬ್ಬಿಣಕ್ಕೆ ಹೊಡೆದು ಒಡೆಯುವುದು ನಮ್ಮ ಕಡೆಯ ರೂಢಿ. ಯಾವ ಯಂತ್ರವೋ ಅದರ ಕಬ್ಬಿಣಕ್ಕೇ ಹೊಡೆಯಬೇಕು. ಅವನು ಮೊದಲನೇ ಕಂಪ್ಯೂಟರಿನ ತಗಡಿನ ಪೆಟ್ಟಿಗೆಯನ್ನು ಮೇಜಿನ ಅಂಚಿಗೆ ಎಳೆದುಕೊಂಡ.

"ಗೌಡ್ರೇ, ಹೊರಗಡೆ ಕಲ್ಲಿಗೆ ಒಡೀಬಹುದಿತ್ತು," ಎಂದರು ಮಾರುತೇಶ್ ಮೇಷ್ಟ್ರು.

"ಕಲ್ಲಿನ ಪೂಜೆ ಅಲ್ಲ ಕಣ್ರಿ ಇದು," ಎಂದ ಅವನು. ಪೆಟ್ಟಿಗೆಯ ಮೂಲೆಗೆ ಕಾಯಿ ಹೊಡೆದ. ಒಡೆಯಿತು. ಕಾಯಿ ನೀರು ತಗಡಿನ ಮೇಲೆ ಹರಿದು, ಗಾಳಿಗೆ ಎಂದು ಬಿಟ್ಟಿದ್ದ ಸಂದುಗಳಲ್ಲಿ ಇಳಿದು ಹೋಯಿತು. ಎಲ್ಲರೂ ಕೈ ಮುಗಿದರು. ನಾವೂ ಮುಗಿದೆವು.

ದಸರಾ ರಜೆ ಮುಗಿದು ಶಾಲೆ ತೆರೆದಾಗ ಮೊದಲನೇ ಕಂಪ್ಯೂಟರ್ ಹತ್ತಲಿಲ್ಲ. ಸ್ವಿಚ್ ಹಾಕಿದರೆ ಚಿಟ್ ಎಂದು ಸುಟ್ಟ ವಾಸನೆ. ಪೆಟ್ಟಿಗೆಯಿಂದ ಇರುವೆಗಳು ಸಾಲು ಹಿಡಿದು ಬರುತ್ತಿದ್ದವು. ಅಂದು ಮಧ್ಯಾಹ್ನ ಅಧ್ಯಕ್ಷನೂ ಹೆಡ್ ಮೇಷ್ಟ್ರೂ ಆಫೀಸ್ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಕುಳಿತರು. ಹೊರಗೆ ಬಂದಾಗ ತೀರ್ಮಾನವಾಗಿತ್ತು. ನೀರು ಚೆಲ್ಲಿ ಕೆಡಿಸಿದ್ದು ಕೋಣೆ ತೊಳೆದ ಹುಡುಗಿ. ಮೂವರು ತೊಳೆದಿದ್ದೆವು. ಸಿಕ್ಕಿದ್ದು ನನ್ನ ಹೆಸರು, ಚೌಡೇಶ್ವರಿ. ಗಣಿತದಲ್ಲಿ ತೊಂಬತ್ತೊಂದು ತೆಗೆದವಳು. ಕಿಟಕಿಯಲ್ಲಿ ಬಾಯಿ ಹಾಕುವವಳು.

"ಸಾ, ಗೌಡ್ರು ಕಾಯಿ ಒಡೆದಾಗ ನೀರು ಒಳಗೆ ಹೋತು. ನಾವೆಲ್ಲ ನೋಡಿದ್ವಿ," ಎಂದೆ.

ಹೆಡ್ ಮೇಷ್ಟ್ರು ಹೊಡೆಯಲಿಲ್ಲ. ಅವರು ಯಾರಿಗೂ ಹೊಡೆದವರಲ್ಲ. ಊರೆಲ್ಲ ಅವರನ್ನು ಒಳ್ಳೆಯ ಮನುಷ್ಯ ಎನ್ನುತ್ತಿತ್ತು. ನಮಗೆ ಕೆಟ್ಟವರಿಗಿಂತ ಇಂಥ ಒಳ್ಳೆಯವರಿಂದಲೇ ಹೆಚ್ಚು ಪೆಟ್ಟು ಬಿದ್ದಿದೆ. "ದೇವರ ಪೂಜೆಗೆ ಹೆಸರಿಡಬಾರದಮ್ಮ. ನಾಳೆ ನಿಮ್ಮವ್ವನ್ನ ಕರ್ಕಂಡ್ ಬಾ," ಎಂದರು.

ಅವ್ವ ಮಾರನೆಯ ದಿನ ಕೂಲಿ ಬಿಟ್ಟು ಬಂದಳು. ಶೇಂಗಾ ಕೀಳುವ ಕಾಲ. ಉಗುರಿನ ಸಂದಿಯಲ್ಲಿ ಕೆಂಪು ಮಣ್ಣು ಹಾಗೇ ಇತ್ತು. ಅಪ್ಪ ಹೊಸದುರ್ಗದ ಕಡೆ ಇಟ್ಟಿಗೆ ಗೂಡಿನಲ್ಲಿದ್ದ. ಅವನಿದ್ದಿದ್ದರೂ ಬರುತ್ತಿದ್ದವಳು ಇವಳೇ. ಅಧ್ಯಕ್ಷ ಕಂಪ್ಯೂಟರ್ ಕೋಣೆಯ ಮುಂದೆ ಕುರ್ಚಿ ಹಾಕಿಕೊಂಡು ಕುಳಿತಿದ್ದ. ಹೆಡ್ ಮೇಷ್ಟ್ರು ಕೈಯಲ್ಲಿ ಬರೆದಿಟ್ಟ ಕಾಗದ ಹಿಡಿದಿದ್ದರು. ಜೊತೆಗೆ ಸ್ಟಾಂಪ್ ಪ್ಯಾಡು. ನಮ್ಮವರು ಎಲ್ಲಿಗೆ ಹೋದರೂ ಆ ನೀಲಿ ಡಬ್ಬಿ ಮುಂಚೆಯೇ ಬಂದು ಕಾದಿರುತ್ತದೆ.

"ಏನಿಲ್ಲ ಬರಗೇರಮ್ಮ. ಶಾಲೆ ಕಾಗದ. ಒಂದು ಹೆಬ್ಬೆಟ್ಟು ಒತ್ತು, ಹೋಗು," ಎಂದರು.

"ಏನ್ ಬರ್ದೈತೆ ಸಾ?"

"ಹಿಂಗ್ ಹಿಂಗಾಯ್ತು ಅಂತ. ಮಕ್ಕಳು ಅಂದ್ಮೇಲೆ ತಪ್ಪು ಮಾಡ್ತಾವೆ."

ಅವ್ವ ನನ್ನ ಕಡೆ ತಿರುಗಿ, "ಓದು," ಎಂದಳು. ಹೆಡ್ ಮೇಷ್ಟ್ರು ಕಾಗದವನ್ನು ಕೊಡಲೋ ಬೇಡವೋ ಎಂದು ಅನುಮಾನಿಸಿದರು. ಅವಳೇ ಕೈ ಚಾಚಿ ತೆಗೆದುಕೊಂಡು ನನಗೆ ಕೊಟ್ಟಳು. ನಾನು ಗಟ್ಟಿಯಾಗಿ ಓದಿದೆ. ನನ್ನ ಮಗಳು ಚೌಡೇಶ್ವರಿಯು ಅನುಮತಿ ಇಲ್ಲದೆ ಗಣಕಯಂತ್ರದ ಕೊಠಡಿಗೆ ನುಗ್ಗಿ, ಯಂತ್ರಗಳನ್ನು ಮುಟ್ಟಿ, ನೀರು ಚೆಲ್ಲಿ ಕೆಡಿಸಿರುತ್ತಾಳೆ. ಇನ್ನು ಮುಂದೆ ನಮ್ಮ ಕೇರಿಯ ಯಾವ ಮಕ್ಕಳೂ ಸದರಿ ಕೊಠಡಿಯ ಹತ್ತಿರ ಸುಳಿಯದಂತೆ ನೋಡಿಕೊಳ್ಳುತ್ತೇನೆ.

ಕೊನೆಯ ಸಾಲನ್ನು ಎರಡು ಸಲ ಓದಿದೆ. ಕಿಟಕಿಯೂ ಇಲ್ಲ ಎಂದೇ ಅದರ ಅರ್ಥ. ನಲವತ್ಮೂರು ಮಕ್ಕಳಿಗೆ ನನ್ನವ್ವನ ಹೆಬ್ಬೆಟ್ಟಿನಿಂದ ಬೀಗ ಹಾಕಿಸುತ್ತಿದ್ದರು.

"ಒತ್ತಿದ್ರೆ ಏನೂ ಆಗಲ್ಲ," ಎಂದ ಅಧ್ಯಕ್ಷ. "ಹುಡುಗಿ ಓದ್ಕಂಡ್ ಹೋಗಲಿ. ಮುಂದಿನ ವರ್ಷ ಹಿರಿಯೂರು ಹಾಸ್ಟೆಲ್‌ಗೆ ನಾನೇ ಹೇಳ್ತೀನಿ. ಒತ್ತಲ್ಲ ಅಂದ್ರೆ ಇವತ್ತೇ ಟಿಸಿ. ನಡತೆ ಅಂತ ಒಂದು ಕಾಲಂ ಐತಲ್ಲ, ಅದ್ರಾಗೆ ಮೇಷ್ಟ್ರು ಇದ್ದದ್ದು ಬರೀತಾರೆ. ಆ ಟಿಸಿ ಹಿಡ್ಕಂಡು ಯಾವ ಹಾಸ್ಟೆಲ್‌ಗೆ ಹೋಗ್ತಾಳೋ ಹೋಗ್ಲಿ."

ಊರಿನಲ್ಲಿ ಹೈಸ್ಕೂಲ್ ಇರಲಿಲ್ಲ. ಹಾಸ್ಟೆಲ್ ಸೀಟು ಸಿಕ್ಕರೆ ಎಂಟನೇ ಕ್ಲಾಸು, ಇಲ್ಲದಿದ್ದರೆ ಶೇಂಗಾ ಹೊಲ. ಅದು ಅವನಿಗೆ ಗೊತ್ತಿತ್ತು. ಅವ್ವನಿಗೂ ಗೊತ್ತಿತ್ತು. ಅವಳು ಕಾಗದ ನೋಡುತ್ತ ನಿಂತಳು. ಒತ್ತಿಬಿಡುತ್ತಾಳೆ ಎಂದು ನನಗೆ ಭಯವಾಯಿತು. ಒತ್ತಲಿ ಎಂದು ಒಳಗೆ ಒಂದು ಆಸೆಯೂ ಇತ್ತು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅಷ್ಟು ಹೊತ್ತೂ ಕೋಣೆಯೊಳಗೆ ಮೆಕ್ಯಾನಿಕ್ ಸಾದಿಕ್ ಕೆಲಸ ಮಾಡುತ್ತಿದ್ದ. ಹಿರಿಯೂರಿನವನು, ತಾಲೂಕಿನ ಶಾಲೆಗಳ ಕಂಪ್ಯೂಟರ್ ರಿಪೇರಿಗೆ ಬೈಕಿನಲ್ಲಿ ಸುತ್ತುವವನು. ಬೆಳಿಗ್ಗೆಯೇ ಬಂದು ಮೊದಲನೇ ಕಂಪ್ಯೂಟರಿನ ತಗಡು ಬಿಚ್ಚಿದ್ದ. ಈಗ ಒಂದು ಹಳೆ ಪೇಪರಿನ ಮೇಲೆ ಏನನ್ನೋ ಹಾಕಿಕೊಂಡು ಹೊರಗೆ ಬಂದ. ಕುಂಕುಮ ಹತ್ತಿದ ಅಕ್ಕಿಕಾಳು, ಒಣಗಿ ಅಂಟಾದ ಕಾಯಿ ನೀರು, ಕರಟದ ಎರಡು ಚೂರು, ಸತ್ತ ಇರುವೆ.

"ಸಾರ್, ಬರೀ ನೀರಲ್ಲ ಇದು. ಕಾಯಿ ನೀರು," ಎಂದ. "ಸಿಹಿಗೆ ಇರುವೆ ಬಂದು ಗೂಡು ಮಾಡವೆ. ಪವರ್ ಸಪ್ಲೈ ಸುಟ್ಟೋಗಿತ್ತು, ಬೇರೆ ಹಾಕಿ ಕ್ಲೀನ್ ಮಾಡೀನಿ. ಈಗ ಓಡ್ತೈತೆ."

 ಜಗಲಿಯಲ್ಲಿದ್ದ ಮಕ್ಕಳೆಲ್ಲ ಆ ಪೇಪರ್ ನೋಡಿದರು. ಮಾರುತೇಶ್ ಮೇಷ್ಟ್ರು ನೆಲ ನೋಡಿದರು. ನನಗೆ ಉಸಿರು ಬಂತು. ಮುಗಿಯಿತು, ಸತ್ಯ ಹೊರಬಂತು, ಇನ್ನು ಮನೆಗೆ ಹೋಗಬಹುದು ಎಂದುಕೊಂಡೆ.

ತಿಪ್ಪೇರುದ್ರಪ್ಪ ಕುರ್ಚಿಯಿಂದ ಏಳಲಿಲ್ಲ, ದನಿಯನ್ನೂ ಏರಿಸಲಿಲ್ಲ. "ಸಾಬಿ, ಪೂಜೆಯಿಂದ ಮಿಷನ್ ಕೆಡ್ತು ಅಂತ ಬರ್ಕೊಡ್ತೀಯೇನಪ್ಪ? ಬರಿ. ಸೈನ್ ಹಾಕು. ನಮ್ಮ ದೇವರ ಪೂಜೆ ಬಗ್ಗೆ ನೀನು ಬರ್ಕೊಟ್ಟಿದ್ದು ಅಂತ ನಾಲ್ಕು ಜನಕ್ಕೆ ತೋರಿಸ್ತೀನಿ," ಎಂದ.

ಸಾದಿಕ್ ಪೇಪರನ್ನು ಜಗಲಿಯ ಮೇಲಿಟ್ಟ. ಅವನು ಸರ್ವಿಸ್ ಬುಕ್ ತೆಗೆದ. ಕೆಟ್ಟ ಕಾರಣ ಎಂಬ ಜಾಗವನ್ನು ಖಾಲಿ ಬಿಟ್ಟು ಉಳಿದದ್ದು ಬರೆದು ಸಹಿ ಹಾಕಿದ. ನನಗೆ ಅವನ ಮೇಲೆ ಸಿಟ್ಟು ಬಂತು. ಅವನು ನನ್ನ ಕಡೆ ನೋಡಿದ. ಆ ಕಣ್ಣಿನಲ್ಲಿದ್ದ ಭಯ ನಮ್ಮ ಕೇರಿಯಲ್ಲಿ ದಿನಾ ಕಾಣುವ ಭಯವೇ. ಸಿಟ್ಟು ಇಳಿಯಿತು. ಅವನು ಸ್ಕ್ರೂಡ್ರೈವರ್ ಎತ್ತಿಕೊಳ್ಳಲು ಒಳಗೆ ಹೋದ.

"ಹುಡುಗಿ ನೀರು ಚೆಲ್ಲಿದ್ಲು ಅಂತ ಆಗ್ಲೇ ಚಿತ್ರದುರ್ಗಕ್ಕೆ ರಿಪೋರ್ಟು ಹೋಗಿಬಿಟ್ಟಿದೆ ಬರಗೇರಮ್ಮ," ಎಂದರು ಹೆಡ್ ಮೇಷ್ಟ್ರು. ಅವರ ದನಿಯಲ್ಲಿ ನಿಜವಾಗಿಯೂ ಬೇಸರವಿತ್ತು. "ಈಗ ಬದಲಾಯಿಸಿದ್ರೆ ನನ್ನ ಕೆಲಸ ಹೋಗ್ತದೆ. ನೀನು ದೊಡ್ಡ ಮನಸ್ಸು ಮಾಡಬೇಕು."

ದೊಡ್ಡ ಮನಸ್ಸು. ಅವರಿಗೆ ಬೇಕಾದಾಗಲೆಲ್ಲ ನಮ್ಮ ಮನಸ್ಸು ದೊಡ್ಡದಾಗಬೇಕು.

ಅವ್ವ ಸ್ಟಾಂಪ್ ಪ್ಯಾಡ್ ನೋಡಿದಳು. ಆಮೇಲೆ ನನ್ನನ್ನು ಕೇಳಿದಳು, "ಆ ಬುಕ್ಕಿನಾಗೆ ನೀನು ಎಷ್ಟು ಸಲ ಸೈನ್ ಹಾಕೀಯ?"

"ಇಪ್ಪತ್ತಾರು ಸಲ."

"ಏನಂತ?"

"ಕಂಪ್ಯೂಟರ್‌ನಾಗೆ ಪಾಠ ಕಲ್ತೆ ಅಂತ."

ಅವ್ವ ಹೆಡ್ ಮೇಷ್ಟ್ರ ಕಡೆ ತಿರುಗಿದಳು. "ಇಪ್ಪತ್ತಾರು ಸಲ ಒಳಗೆ ಕುಂತು ಕಲ್ತೋಳು ನುಗ್ಗಿದ್ಲು ಅಂತ ಹೆಂಗ್ ಬರೀತೀರಿ ಸಾ? ಯಾವ್ದು ಸುಳ್ಳು? ಆ ಬುಕ್ಕೋ, ಈ ಕಾಗದನೋ?"

"ಬಾಯಿ ಬಂತು ನೋಡ್ರಿ," ಎಂದ ಅಧ್ಯಕ್ಷ.

"ಬಂತು ಗೌಡ್ರೆ. ತಡ ಆತು." ಅವಳು ನನ್ನ ರಟ್ಟೆ ಹಿಡಿದಳು. ಅರಿಶಿನ ಬಳಿದ ಹೊಸಿಲು ದಾಟಿದಳು. ಅವಳು ಚಪ್ಪಲಿ ಬಿಡಬೇಕಾಗಿರಲಿಲ್ಲ, ಇರಲೇ ಇಲ್ಲ. ಒಳಗೆ ಸಾದಿಕ್ ಪರೀಕ್ಷೆಗೆಂದು ಸಿ.ಡಿ. ಹಾಕಿ ಬಿಟ್ಟಿದ್ದ. ಪರದೆಯ ಮೇಲೆ ರೊಟ್ಟಿಯ ತುಂಡುಗಳು, ಪಕ್ಕದಲ್ಲಿ ಭಿನ್ನರಾಶಿ ಬರೆದ ತಟ್ಟೆಗಳು. ಅರ್ಧ ರೊಟ್ಟಿಯನ್ನು ಯಾವ ತಟ್ಟೆಗೆ ಹಾಕಬೇಕು ಎಂದು ಆ ಹೆಣ್ಣು ದನಿ ಕೇಳುತ್ತಿತ್ತು. ಅವ್ವ ಕುರ್ಚಿ ಎಳೆದಳು.

"ಕುಂತ್ಕ," ಎಂದಳು.

ನಾನು ಬಾಗಿಲ ಕಡೆ ನೋಡಿದೆ. ಅವಳು ಭುಜ ಅದುಮಿ ಕೂರಿಸಿದಳು. "ಮುಟ್ಟಿದ್ಲು ಅಂತ ಬರ್ದವ್ರೆ. ಮುಟ್ಟು."

ಮುಟ್ಟಿದೆ. ಮೌಸು ತಣ್ಣಗಿತ್ತು. ಉತ್ತರ ನನಗೆ ಗೊತ್ತಿತ್ತು. ಎರಡನೇ ತಟ್ಟೆ. ಬಾಯಲ್ಲಿ ಹೇಳುವುದಾಗಿದ್ದರೆ ಆ ದನಿ ಕೇಳುವ ಮೊದಲೇ ಹೇಳುತ್ತಿದ್ದೆ. ಕೈಗೆ ಗೊತ್ತಿರಲಿಲ್ಲ. ನಾನು ಒಂದು ಕಡೆ ತಳ್ಳಿದರೆ ಬಾಣ ಇನ್ನೊಂದು ಕಡೆ ಓಡಿತು. ಮೂಲೆಗೆ ಹೋಗಿ ಕಾಣದಾಯಿತು. ಮೌಸನ್ನು ಎತ್ತಿ ಹಿಡಿದೆ. ಕುಟ್ಟಿದೆ. ಎಲ್ಲಿ ಒತ್ತಬೇಕೆಂದು ತಿಳಿಯದೆ ಹಿಂದೆ ಮುಂದೆ ಒತ್ತಿದೆ. ಎರಡನೇ ಕ್ಲಾಸಿನ ಊರ ಮಕ್ಕಳು ಮಾಡುವುದು ತೊಂಬತ್ತೊಂದು ತೆಗೆದ ನನಗೆ ಬರಲಿಲ್ಲ. ಜಗಲಿಯಲ್ಲಿ ಯಾರೋ ಕಿಸಕ್ಕೆಂದರು. ನನಗೆ ಅಳು ಬಂತು.

ಅಧ್ಯಕ್ಷ ನಕ್ಕ. "ನೋಡ್ರಿ. ಇವಕ್ಕೆ ಯಾಕೆ ಬೇಕು ಇದು."

"ನೋಡ್ರಿ, ಚೆನ್ನಾಗಿ ನೋಡ್ರಿ," ಎಂದಳು ಅವ್ವ. "ಇಪ್ಪತ್ತಾರು ಸಲ ಹಿಡಿದ ಕೈ ಹಿಂಗ್ ಇರ್ತೈತಾ? ಒಂದ್ಸಲ ಮುಟ್ಟಿದ ಕೈಯಾದ್ರೂ ಹಿಂಗ್ ಇರ್ತೈತಾ? ನನ್ ಮಗಳು ಇದನ್ನ ಕೆಡಿಸಿಲ್ಲ. ಇದನ್ನ ಮುಟ್ಟೇ ಇಲ್ಲ. ನೀವು ಮುಟ್ಟಗೊಟ್ಟಿಲ್ಲ. ಕೆಡಿಸಿದ್ದು ಯಾರು ಅಂತ ಆ ಪೇಪರ್‌ನಾಗೆ ಐತೆ. ನಾನು ಹೆಬ್ಬೆಟ್ಟು ಒತ್ತಲ್ಲ."

ಹೆಡ್ ಮೇಷ್ಟ್ರ ಮುಖ ಬಿಳಿಚಿತ್ತು. ರಿಜಿಸ್ಟರಿನ ನಲವತ್ಮೂರು ಹೆಸರೂ ಸುಳ್ಳು ಎಂದು ನನ್ನ ಕೈ ಎಲ್ಲರ ಮುಂದೆ ತೋರಿಸಿಬಿಟ್ಟಿತ್ತು. ಸಾದಿಕ್ ಹತ್ತಿರ ಬಂದ. ಯಾರ ಮುಖವನ್ನೂ ನೋಡದೆ, "ಎತ್ತಬ್ಯಾಡಮ್ಮ. ಹಂಗೇ ನೆಲಕ್ಕೆ ಒರೆಸ್ದಂಗೆ ಮೆಲ್ಲಗೆ ಎಳಿ. ಎಡಗಡೆ ಗುಂಡಿ ಒತ್ತು," ಎಂದಷ್ಟೇ ಹೇಳಿ ಚೀಲ ಹೆಗಲಿಗೆ ಹಾಕಿಕೊಂಡು ಹೊರಟುಹೋದ.

ಒರೆಸುವುದು ನನಗೆ ಬರುತ್ತಿತ್ತು. ಮೆಲ್ಲಗೆ ಎಳೆದೆ. ಬಾಣ ಬಂತು. ನಡುಗುತ್ತ ರೊಟ್ಟಿಯ ಹತ್ತಿರ ಹೋಯಿತು. ಒತ್ತಿದೆ. ರೊಟ್ಟಿ ಅಂಟಿಕೊಂಡು ಬಂತು. ತಪ್ಪು ತಟ್ಟೆಯ ಮೇಲೆ ಹಾದು, ವಾಪಸು ಬಂದು, ಎರಡನೇ ತಟ್ಟೆಯ ಅಂಚಿಗೆ ಬಂತು.

ಅಷ್ಟರಲ್ಲಿ ಪರದೆ ಆರಿತು. ಫ್ಯಾನೂ ನಿಂತಿತು. ತಿಪ್ಪೇರುದ್ರಪ್ಪ ಜಗಲಿಯಲ್ಲಿ ಮೀಟರ್ ಬೋರ್ಡಿನ ಫ್ಯೂಜು ಕಿತ್ತು ಕೈಯಲ್ಲಿ ಹಿಡಿದು ನಿಂತಿದ್ದ. ಯುಪಿಎಸ್ ಇದ್ದಿದ್ದರೆ ಇನ್ನೂ ಸ್ವಲ್ಪ ಹೊತ್ತು ಓಡುತ್ತಿತ್ತು. ಅದು ಆಗಸ್ಟಿನಲ್ಲೇ ಅವನ ಮನೆಯ ಟಿವಿಗೆಂದು ಹೋಗಿತ್ತು. ಅವನು ಫ್ಯೂಜನ್ನು ಅಂಗಿಯ ಜೇಬಿಗೆ ಹಾಕಿಕೊಂಡ.

"ಕಲ್ತಿದ್ದಾಯ್ತಲ್ಲ. ಏಳ್ರಿ ಇನ್ನ," ಎಂದ.

ನಾನು ಏಳಲು ಹೊರಟೆ. ಅವ್ವನ ಕೈ ನನ್ನ ಭುಜದ ಮೇಲೇ ಇತ್ತು. ಅವಳು ಕುರ್ಚಿಯ ಪಕ್ಕದಲ್ಲಿ ನೆಲಕ್ಕೆ ಕುಳಿತಳು. "ಕರೆಂಟ್ ಬರಲಿ ಗೌಡ್ರೆ. ಪಾಠ ಮುಗಿದಿಲ್ಲ," ಎಂದಳು.

ಹೊತ್ತು ಹೋಯಿತು. ಊಟದ ಗಂಟೆ ಹೊಡೆದರು. ಊರ ಮಕ್ಕಳು ತಟ್ಟೆ ಹಿಡಿದು ಓಡಿದರು. ಮೇಘಶ್ರೀ ಬಾಗಿಲಲ್ಲಿ ಒಂದು ಕ್ಷಣ ನಿಂತಳು, ನನ್ನ ಕಡೆ ನೋಡಿದಳು, ಅವಳ ದೊಡ್ಡಪ್ಪ ಕೂಗಿದ, ಹೋದಳು. ಕಿಟಕಿಯಲ್ಲಿದ್ದ ನಮ್ಮವರು ಅಲ್ಲೇ ಇದ್ದರು. ಮೊದಲು ಬಂದವಳು ನಮ್ಮ ಚಿಕ್ಕತಿಮ್ಮಪ್ಪ ಮಾವನ ಮಗಳು, ಎರಡನೇ ಕ್ಲಾಸಿನವಳು. ಹೊಸಿಲ ಹತ್ತಿರ ನಿಂತು ಅವ್ವನನ್ನು ನೋಡಿದಳು. ಅವ್ವ ಬಾ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಹುಡುಗಿ ದಾಟಿ ಬಂದು ಎರಡನೇ ಕಂಪ್ಯೂಟರಿನ ಕುರ್ಚಿ ಹತ್ತಿದಳು. ಆಮೇಲೆ ಇಬ್ಬರು. ಆಮೇಲೆ ಎಷ್ಟು ಜನ ಎಂದು ಎಣಿಸಲಿಲ್ಲ. ಕುರ್ಚಿ ಸಾಲದವರು ನೆಲಕ್ಕೆ ಕುಳಿತರು. ನಾವೇ ಉಜ್ಜಿದ ನೆಲ.  ಹೊಟ್ಟೆ ಹಸಿದಿತ್ತು, ಸಾರಿನ ವಾಸನೆ ಬರುತ್ತಿತ್ತು.

ಅಧ್ಯಕ್ಷ ಹೆಡ್ ಮೇಷ್ಟ್ರ ಕಿವಿಯಲ್ಲಿ ಏನೋ ಹೇಳಿದ. ಅವರು ಆಫೀಸ್ ರೂಮಿಗೆ ಹೋಗಿ ತುಂಬಾ ಹೊತ್ತಿನ ಮೇಲೆ ಬಂದರು. ನನ್ನ ಮುಂದೆ ಕೀಬೋರ್ಡಿನ ಮೇಲೆ ಒಂದು ಕಾಗದ ಇಟ್ಟರು.  ಟಿಸಿ. ಶಾಯಿ ಇನ್ನೂ ಪೂರ್ತಿ ಆರಿರಲಿಲ್ಲ.

"ಓದು," ಎಂದಳು ಅವ್ವ.

ಹೆಸರು ಓದಿದೆ. ಜಾತಿ ಓದಿದೆ. ಹುಟ್ಟಿದ ತಾರೀಖು ಓದಿದೆ. ಕೊನೆಗೆ ಆ ಕಾಲಂ ಬಂತು. "ನಡತೆ, ತೃಪ್ತಿಕರವಾಗಿಲ್ಲ," ಎಂದು ಓದಿದೆ.

 ಅವ್ವನ ಕಣ್ಣು ತುಂಬಿತ್ತು. ನನ್ನ ಹಾಸ್ಟೆಲ್ಲು, ನನ್ನ ಎಂಟನೇ ಕ್ಲಾಸು, ಎಲ್ಲ ಆ ಒಂದು ಗೆರೆಯಲ್ಲಿ ಹೋಗಿಬಿಡಬಹುದೆಂದು ಅವಳಿಗೆ ಗೊತ್ತಿತ್ತು. ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ಮಡಚಿ ಇಟ್ಕ," ಎಂದಳು. "ಏಳಬ್ಯಾಡ."

ನಾನು ಟಿಸಿಯನ್ನು ಮಡಚಿ ಲಂಗದ ನಡುವಿಗೆ ಸಿಕ್ಕಿಸಿಕೊಂಡೆ. ಮತ್ತೆ ಮೌಸಿನ ಮೇಲೆ ಕೈ ಇಟ್ಟುಕೊಂಡು ಕುಳಿತೆ.